ಚರಿತ್ರೆಯ ನೇರ ಬೋಧನೆ: ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ನಿದರ್ಶನಗಳು

ಮೈಸೂರು ಸೀಮೆಯ ವಿದ್ಯಾಭ್ಯಾಸದ ಇತಿಹಾಸದಲ್ಲಿ ಬಿ. ಎಲ್. ರೈಸ್ ಅವರು ಎರಡು ಕಾರಣಗಳಿಂದ ಸ್ಮರಣೀಯರು. 1868ರ ಹೋಬಳಿ ಶಾಲೆಗಳ ಯೋಜನೆಗೆ ಕಾರಣರಾದವರು ಅವರು. ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು 1894ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟವಾಗಿ ಪ್ರಕಟಿಸಿದವರೂ ಅವರೇ. ಶಾಲೆಯೂ ಶಾಸನವೂ ಹೀಗೆ ಒಬ್ಬರ ಕೈಯಲ್ಲಿ ಕೂಡಿದ್ದುವು. ಆದರೆ ಆಧಾರವನ್ನು ಪರೀಕ್ಷಿಸುವ ಕ್ರಮವನ್ನು ಬಾಲಕರಿಗೆ ಹೇಗೆ ಕಲಿಸಬೇಕೆಂಬುದು ಇಂದಿಗೂ ವಿಚಾರಾರ್ಹವಾದ ವಿಷಯವೇ ಸರಿ.

ಕೂಲಿಮಠದ ಐಗಳು ಮರಳ ಮೇಲೆ ಅಕ್ಷರ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರು. ನೇರ ಬೋಧನೆಯೆಂದರೆ ಇದೇ ಎಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. 1960ರ ದಶಕದಲ್ಲಿ ಅಮೆರಿಕದ ಸೀಗ್‌ಫ್ರೀಡ್ ಎಂಗಲ್‌ಮನ್ ಮೊದಲಾದವರು ಬೆಳೆಯಿಸಿದ ಈ ಪದ್ಧತಿಯ ಸಾರವಿಷ್ಟು: ಮೊದಲು ಗುರುವು ಮಾಡಿ ತೋರಿಸಬೇಕು, ಆಮೇಲೆ ಶಿಷ್ಯನೊಡನೆ ಕೂಡಿ ಮಾಡಬೇಕು, ಕೊನೆಗೆ ಶಿಷ್ಯನೊಬ್ಬನೇ ಮಾಡಬೇಕು.

ತೋರಿಸುವುದಕ್ಕೆ ತಲಕಾಡು ತಕ್ಕ ಸ್ಥಳ. ಶ್ರೀರಂಗಪಟ್ಟಣವು 1610ರಲ್ಲಿ ರಾಜ ಒಡೆಯರ ವಶವಾದಾಗ ಅಲಮೇಲಮ್ಮನು ಕೊಟ್ಟ ಶಾಪದಿಂದ ಊರು ಮರಳಾಯಿತೆಂಬ ಕಥೆಯನ್ನು ಅಲ್ಲಿನ ಮಗು ಅಜ್ಜಿಯಿಂದಲೇ ಕೇಳಿರುವುದು. ಏನನ್ನೂ ಹೇಳದೆ ಅದನ್ನು ಕರೆದೊಯ್ದು ‘ನೀನೇ ಕಂಡುಕೋ’ ಎಂದರೆ, ಕಣ್ಣೆದುರಿನ ಮರಳೇ ಶಾಪಕ್ಕೆ ಸಾಕ್ಷಿಯಾಗಿಬಿಡುತ್ತದೆ. ಆದಕಾರಣ ಉಪಾಧ್ಯಾಯನು ಮುಂಚಿತವಾಗಿಯೇ ವಿಂಗಡಿಸಿ ಹೇಳಬೇಕು: ಗಂಗರ ರಾಜಧಾನಿಯಾಗಿದ್ದ ಈ ಊರು 11ನೆಯ ಶತಮಾನದ ಆದಿಯಲ್ಲಿ ಚೋಳರ ಕೈಸೇರಿತು, ಸುಮಾರು 1116ರಲ್ಲಿ ಅದನ್ನು ಗೆದ್ದ ವಿಷ್ಣುವರ್ಧನನು ‘ತಲಕಾಡುಗೊಂಡ’ನೆನಿಸಿದನು, ಇವು ಶಾಸನಗಳಿಂದ ತಿಳಿದುಬಂದ ಸಂಗತಿಗಳು. ನದಿಯ ಪಾತ್ರದ ಮರಳನ್ನು ಗಾಳಿಯು ಗುಡ್ಡೆಹಾಕಿತೆಂಬುದು ಪ್ರಕೃತಿಶಾಸ್ತ್ರದ ವಿವರಣೆ. ಶಾಪವಾದರೋ ಐತಿಹ್ಯ.

ಕೂಡಿ ಮಾಡುವ ಅಭ್ಯಾಸಕ್ಕೆ ಅದೇ ತಾಲ್ಲೂಕಿನ ಸೋಮನಾಥಪುರವಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಕಟ್ಟಿಸಿದ ಅಲ್ಲಿನ ಕೇಶವ ದೇವಾಲಯದ ಕಾಲ ಕ್ರಿ. ಶ. 1268, ಅಂದರೆ ಶಕ 1190, ವಿಭವ ಸಂವತ್ಸರ. ಶಕವರ್ಷಕ್ಕೆ 78ನ್ನು ಕೂಡಿಸಬೇಕೆಂಬುದನ್ನೂ, ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಸಾಮಾನ್ಯವಾಗಿ 79 ಆಗುವುದೆಂಬುದನ್ನೂ ಇಲ್ಲಿ ಲೆಕ್ಕ ಮಾಡಿಸಬಹುದು. ವಿಭವವು 60 ವರ್ಷಗಳಿಗೊಮ್ಮೆ ಬರುವುದರಿಂದ 1208, 1328 ಇಸವಿಗಳಲ್ಲಿಯೂ ಅದೇ ಹೆಸರಿದ್ದಿತು. ಬರಿಯ ಸಂವತ್ಸರದಿಂದ ಕಾಲನಿರ್ಣಯವಾಗದೆಂಬುದು ಆಗ ತಾನೇ ಸ್ಪಷ್ಟವಾಗುವುದು.

ಶಿಷ್ಯನ ಸ್ವಂತ ಪರೀಕ್ಷೆ ನಂಜನಗೂಡಿನಲ್ಲಿ ನಡೆಯಲಿ. ನಂಜುಂಡೇಶ್ವರನ ಅನುಗ್ರಹದಿಂದ ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಗಲು, ಸುಲ್ತಾನನು ಪಚ್ಚೆಲಿಂಗವನ್ನರ್ಪಿಸಿ ದೇವರನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬುದು ಪ್ರತೀತಿ. ಇದರಲ್ಲಿ ಯಾವುದಕ್ಕೆ ದಾಖಲೆ ಬೇಕು, ಯಾವುದು ಭಕ್ತಿಯ ಮಾತು ಎಂದು ಬಾಲಕನೇ ವಿಂಗಡಿಸಬೇಕು. ಚಿಕಿತ್ಸೆಗೆ ಪ್ರಮಾಣ ದೊರೆಯದಿದ್ದರೂ ಕಥೆ ವ್ಯರ್ಥವಲ್ಲ. ಸುಲ್ತಾನನನ್ನೂ ದೇವರನ್ನೂ ಜನರು ಹೇಗೆ ಒಟ್ಟಿಗೆ ನೆನೆದರೆಂಬುದಕ್ಕೆ ಅದೇ ಸಾಕ್ಷಿ.

ಐತಿಹ್ಯವನ್ನು ಹಳಿಯದೆ, ಅದನ್ನೇ ಇತಿಹಾಸವೆಂದು ಭ್ರಮಿಸದೆ ಇರುವ ವಿವೇಕ ತಾನಾಗಿ ಹುಟ್ಟುವುದಲ್ಲ, ಹೇಳಿಕೊಟ್ಟು ಬರಬೇಕಾದುದು. ಹೇಳಿಕೊಟ್ಟವನು ಸಕಾಲದಲ್ಲಿ ಹಿಂದೆ ಸರಿಯುವುದೂ ಬೋಧನೆಯ ಒಂದು ಅಂಗವೇ.