ಗಡಿ ಎಳೆದ ದಿನವೇ ಕೊಟ್ಟ ಮಾತು

ತಾಳವಾಡಿಯಿಂದ ಚಾಮರಾಜನಗರಕ್ಕೆ ಹೊರಟವರು ಘಟ್ಟ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಅದೇ ಜನ ತಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಕಾಡು ದಾಟಿ, ದಿಂಬಂ ಘಟ್ಟದ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲದ ಮೇಲೆ ಸಾಗಬೇಕು. ನೆಲ ಒಂದು ಕಡೆ, ಕಚೇರಿ ಇನ್ನೊಂದು ಕಡೆ ಎಂಬ ಈ ಸ್ಥಿತಿ 1799ರಷ್ಟು ಹಳೆಯದು. ಟಿಪ್ಪು ಸುಲ್ತಾನ ಮಡಿದ ಮೇಲೆ ಗೆದ್ದವರು ಮೈಸೂರು ಸೀಮೆಯನ್ನು ಹಂಚಿಕೊಂಡಾಗ ಕೊಯಮತ್ತೂರು ಕಂಪನಿಯ ಪಾಲಾಯಿತು. ಸತ್ಯಮಂಗಲ, ಕೊಳ್ಳೇಗಾಲ, ನಡುವಿನ ಮಲೆಗಳೆಲ್ಲ ಅದರ ಜೊತೆ ಹೋದವು. ಮಾದಪ್ಪನ ಬೆಟ್ಟವೂ ಒಂದೂವರೆ ಶತಮಾನ ಮದರಾಸಿನ ಆಡಳಿತದಲ್ಲೇ ಇತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿಯನ್ನು ಹೊಸದಾಗಿ ಎಳೆದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ಕನ್ನಡ ಮಾತಾಡುವ ತಾಳವಾಡಿ ಬರಲಿಲ್ಲ. ಕೊಳ್ಳೇಗಾಲವನ್ನು ಇಡೀ ತಾಲ್ಲೂಕಾಗಿ ಎಣಿಸಿದರು. ತಾಳವಾಡಿಯ ಹಳ್ಳಿಗಳಾದರೋ ಘಟ್ಟದ ಕೆಳಗಿನ ತಮಿಳು ಬಯಲಿಗೆ ಸೇರಿದ್ದ ತಾಲ್ಲೂಕಿನ ಒಂದು ಮೂಲೆ. ಗಡಿ ಎಲ್ಲಿ ಬೀಳಬೇಕಿತ್ತು ಎಂಬ ಹಳೆಯ ವ್ಯಾಜ್ಯವನ್ನು ಇಲ್ಲಿ ಕೆದಕುವುದಿಲ್ಲ. ಅದೇ ದಿನ ನಡೆದ ಇನ್ನೊಂದು ಸಂಗತಿ, ಕಡಮೆ ನೆನಪಿನಲ್ಲಿರುವ ಸಂಗತಿ, ನನಗೆ ಮುಖ್ಯ.

ಸಂವಿಧಾನದ ಏಳನೆಯ ತಿದ್ದುಪಡಿ ಜಾರಿಗೆ ಬಂದದ್ದೂ 1956ರ ನವೆಂಬರ್ 1ರಂದೇ. ಅದು ಸೇರಿಸಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕು ಎಂದಿತು. ಗೆರೆ ಎಳೆದವರಿಗೆ ಗೆರೆಯಾಚೆ ಉಳಿಯುವ ಮಕ್ಕಳ ಅರಿವಿತ್ತು, ಅವರಿಗೊಂದು ಮಾತನ್ನೂ ಕೊಟ್ಟರು ಎಂದಾಯಿತು. ಜಗತ್ತೂ ಆಗ ಇದೇ ವಿಚಾರದಲ್ಲಿ ತೊಡಗಿತ್ತು. ಕಲಿಕೆಗೆ ತಾಯ್ನುಡಿಯೇ ಅತ್ಯುತ್ತಮ ಮಾಧ್ಯಮ ಎಂಬ ತಜ್ಞರ ವರದಿಯನ್ನು ಯುನೆಸ್ಕೊ 1953ರಲ್ಲಿ ಪ್ರಕಟಿಸಿತ್ತು. ಶಿಕ್ಷಣದಲ್ಲಿ ತಾರತಮ್ಯ ತಡೆಯಲು ಅದು 1960ರಲ್ಲಿ ರೂಪಿಸಿದ ಒಪ್ಪಂದ ಅಲ್ಪಸಂಖ್ಯಾತರು ತಮ್ಮ ಭಾಷೆಯನ್ನು ಕಲಿಸುವ ಹಕ್ಕನ್ನು ಒಪ್ಪಿತು. ಆದರೆ ಆಯಾ ದೇಶದ ಶಿಕ್ಷಣ ನೀತಿಗೆ ತಕ್ಕಂತೆ ಎಂಬ ಕೊಕ್ಕೆಯೂ ಅದರಲ್ಲೇ ಇತ್ತು. ಪರಂಪರೆಯ ರಕ್ಷಣೆ ಮಾತ್ರ ಬೇರೆ ದಾರಿ ಹಿಡಿಯಿತು. 1972ರ ವಿಶ್ವ ಪರಂಪರೆಯ ಒಪ್ಪಂದ ಸ್ಮಾರಕ, ಕಟ್ಟಡ, ಕಾಡು, ಕಣಿವೆಗಳನ್ನು ಕುರಿತದ್ದು. ಹಂಪಿಯಂಥ ಕಡೆ ಆ ತಿಳಿವಳಿಕೆ ಸಾಕಾಗುತ್ತದೆ, ಅಲ್ಲಿ ಕಲ್ಲು ತಾನೇ ನಿಂತು ಸಾಕ್ಷಿ ಹೇಳುತ್ತದೆ. ತಾಳವಾಡಿಯಲ್ಲಿ ಪರಂಪರೆ ಇರುವುದು ಬಾಯಲ್ಲಿ. ಇಲ್ಲಿ ಪರಂಪರೆಯ ಪ್ರಶ್ನೆಯನ್ನೂ ಶಾಲೆಯ ಪ್ರಶ್ನೆಯನ್ನೂ ಬೇರೆ ಮಾಡಿದರೆ ಎರಡೂ ಕೈಬಿಡುತ್ತವೆ ಎಂಬುದು ನನ್ನ ವಾದ.

ಆ ಬಾಯಲ್ಲಿರುವುದು ಏನು ಎಂದು ನೋಡಬೇಕು. ಈ ಸೀಮೆಯ ದೊಡ್ಡ ಕಾವ್ಯ ಮಲೆ ಮಾದೇಶ್ವರನದು. ಪಿ.ಕೆ. ರಾಜಶೇಖರ ಅವರು ಅದನ್ನು ಸಂಗ್ರಹಿಸಿ 1973ರಲ್ಲಿ ಅಚ್ಚಿಗೆ ತರುವ ಮೊದಲೂ ಆಮೇಲೂ ಅದನ್ನು ಹೊತ್ತವರು ದೇವರಗುಡ್ಡರು, ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವವರು. ಅದರಲ್ಲಿ ಬರುವ ಸಂಕಮ್ಮ, ನೀಲೇಗೌಡ ಸೋಲಿಗರು. ಬೇಟೆಗೆ ಹೊರಟ ಗಂಡ ಹೆಂಡತಿಯ ಶೀಲವನ್ನು ಶಂಕಿಸಿ ಭಾಷೆ ಕೊಡೆನ್ನುವುದು, ಅವಳು ಕೊಡಲೊಲ್ಲದೆ ನಿಲ್ಲುವುದು, ಕೊನೆಗೆ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯ ಹುಟ್ಟುವುದು, ಇದು ಕಾಡಿನ ಜನ ತಮ್ಮ ಹುಟ್ಟನ್ನು ತಾವೇ ಹೇಳಿಕೊಂಡ ಕಥೆ. ಇನ್ನೊಂದು ಕಡೆ ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿಯ ಕಥೆ. ಗಡಿಯಂಚಿನ ಗುಮಟಾಪುರದಲ್ಲಿ ದೀಪಾವಳಿಯ ಬೆನ್ನಿಗೆ ನಡೆಯುವ ಗೊರೆ ಹಬ್ಬವನ್ನು ಹೊರಗಿನವರು ಸಗಣಿ ಎರಚಾಟದ ಚಿತ್ರವಾಗಿ ಮಾತ್ರ ಬಲ್ಲರು; ಆ ಚಿತ್ರಗಳು ಪ್ರತಿವರ್ಷ ಜಗತ್ತಿನ ಪತ್ರಿಕೆಗಳಿಗೆ ಹೋಗುತ್ತವೆ. ಬೀರೇಶ್ವರನ ಗುಡಿಯ ಐತಿಹ್ಯ, ಕತ್ತೆಯ ಮೇಲೆ ಮೆರವಣಿಗೆ ಹೋಗುವ ಚಾಡಿಕೋರ, ಅವನ ಸುತ್ತಲ ಬೈಗುಳ ಮತ್ತು ನಗೆ, ಇವೆಲ್ಲ ಮಾತಿನಲ್ಲೇ ಇರುವುದರಿಂದ ಕ್ಯಾಮೆರಾಕ್ಕೆ ಸಿಕ್ಕುವುದಿಲ್ಲ. 2003ರಲ್ಲಿ ಯುನೆಸ್ಕೊ ಜೀವಂತ ಪರಂಪರೆಗಾಗಿಯೇ ಒಂದು ಒಪ್ಪಂದ ಮಾಡಿತು, 2005ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು. ಅದರ ಎರಡನೆಯ ವಿಧಿ ಭಾಷೆಯನ್ನು ಇಂಥ ಪರಂಪರೆಯ ವಾಹನ ಎಂದು ಹೆಸರಿಸುತ್ತದೆ. ಹದಿನಾಲ್ಕನೆಯದು ಶಿಕ್ಷಣವನ್ನು ರಕ್ಷಣೆಯ ಭಾಗವಾಗಿಸುತ್ತದೆ. ಎರಡು ದಾರಿಗಳೂ ಕಾಗದದ ಮೇಲಾದರೂ ಅಲ್ಲಿ ಕೂಡಿದವು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಕನ್ನಡ ಕೋಟಿಗಟ್ಟಲೆ ಜನರ ನುಡಿ, ಅದಕ್ಕೊಂದು ರಾಜ್ಯವೇ ಇದೆ, ತಾಳವಾಡಿಯಲ್ಲಿ ಅದು ಸೊರಗಿದರೆ ಜಗತ್ತಿಗೇನು ನಷ್ಟ? ಹಕ್ಕು ಭಾಷೆಯದಲ್ಲ, ಮಗುವಿನದು ಎಂಬುದು ಇದಕ್ಕೆ ನೇರ ಉತ್ತರ. 1989ರ ಮಕ್ಕಳ ಹಕ್ಕುಗಳ ಒಪ್ಪಂದದ 30ನೆಯ ವಿಧಿ, ಅಲ್ಪಸಂಖ್ಯಾತ ಸಮುದಾಯದ ಮಗು ತನ್ನವರೊಡನೆ ತನ್ನ ಭಾಷೆ ಬಳಸುವುದನ್ನು ತಪ್ಪಿಸಬಾರದು ಎನ್ನುತ್ತದೆ. ಆ ಭಾಷೆ ಬೇರೆಡೆ ಎಷ್ಟು ಜನರದು ಎಂದು ಕೇಳುವುದಿಲ್ಲ. 1992ರಿಂದ ಭಾರತ ಅದಕ್ಕೆ ಬದ್ಧ. ಆದರೆ ಈ ಆಕ್ಷೇಪ ತಾನು ಬಯಸದ ಒಂದು ಸತ್ಯವನ್ನೂ ಮುಟ್ಟುತ್ತದೆ. ಕನ್ನಡ ಶಾಲೆ ಕಲಿಸುವ ಗ್ರಾಂಥಿಕ ಕನ್ನಡ ಸೋಲಿಗ ಮಗುವಿನ ಮನೆಮಾತಲ್ಲ, ಇಲ್ಲಿನ ಇನ್ನೊಂದು ಬುಡಕಟ್ಟಾದ ಊರಾಳಿಗಳ ಮಗುವಿನದಂತೂ ಅಲ್ಲ. ಊರಿನ ಕನ್ನಡಕ್ಕೆ ಕೇಳುವ ನ್ಯಾಯವನ್ನು ಹಾಡಿಯ ನುಡಿಗೂ ಕೊಡದಿದ್ದರೆ ನಮ್ಮ ಬೇಡಿಕೆ ಅರ್ಧಕ್ಕೇ ನಿಲ್ಲುತ್ತದೆ. ಈ ಕಾಡಿನ ಸೋಲಿಗರು ಪಟ್ಟ ಪಾಡನ್ನು ದೊಡ್ಡ ಕಾದಂಬರಿಯಾಗಿಸಿದ್ದು ತಮಿಳು ಲೇಖಕ ಸ. ಬಾಲಮುರುಗನ್; ಅವರ ‘ಸೋಳಗರ್ ತೊಟ್ಟಿ’ 2004ರದು. ತಮಿಳನ್ನು ಈ ಮಲೆಯ ಶತ್ರುವೆಂದು ಬಗೆಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ರಾಜ್ಯ ತಮಿಳುನಾಡು, ಪಹಣಿಯಿಂದ ನೌಕರಿಯವರೆಗೆ ವ್ಯವಹಾರ ತಮಿಳಿನದು; ಕನ್ನಡದಲ್ಲೇ ಓದಿದ ಮಗು ಘಟ್ಟ ಇಳಿದಾಗ ಸೋಲುವುದಿಲ್ಲವೇ? 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಕಲಿಯುವುದು ಇಲ್ಲಿನ ಮಕ್ಕಳಿಗೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸುಪ್ರೀಂ ಕೋರ್ಟ್ ಕೂಡ 2004ರ ಉಷಾ ಮೆಹ್ತಾ ಪ್ರಕರಣದಲ್ಲಿ, ಮಹಾರಾಷ್ಟ್ರದಲ್ಲಿ ಗುಜರಾತಿ ಭಾಷಿಕರು ನಡೆಸುವ ಶಾಲೆಗಳಿಗೆ ಮರಾಠಿ ಕಡ್ಡಾಯವಾದದ್ದನ್ನು ಎತ್ತಿಹಿಡಿದಿದೆ. ಆದರೆ ತಮಿಳು ಕಲಿಸುವುದು ಬೇರೆ, ಕನ್ನಡದ ಮೇಷ್ಟರು ಇಲ್ಲದಂತಾಗುವುದು ಬೇರೆ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಪ್ಪಿದ ಸೂತ್ರದಂತೆ ಇಡೀ ಶಾಲೆಯಲ್ಲಿ 40, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ತಾಯ್ನುಡಿಯ ಅಧ್ಯಾಪಕರನ್ನು ಕೊಡಬೇಕು. ಚದುರಿದ ಹಳ್ಳಿ, ಹಾಡಿಗಳ ಸೀಮೆಯಲ್ಲಿ ನಾಲ್ಕು ಮನೆಯವರು ಕೂಲಿಗೆ ವಲಸೆ ಹೋದರೂ ತರಗತಿ ಒಂಬತ್ತಕ್ಕೆ ಇಳಿಯಬಹುದು. ಹುದ್ದೆ ಒಮ್ಮೆ ತಮಿಳಿಗೆ ತಿರುಗಿತೆಂದರೆ ಮುಂದಿನ ವರ್ಷ ಕನ್ನಡ ಕೇಳುವ ಮಕ್ಕಳೂ ಇರುವುದಿಲ್ಲ. ಬೇಡಿಕೆ ಇಲ್ಲವೆಂಬ ಮಾತು ಆಗ ನಿಜವೇ ಆಗಿರುತ್ತದೆ. ಹತ್ತನೆಯ ತರಗತಿಯ ತಮಿಳು ಪರೀಕ್ಷೆಯಿಂದ ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಗಳಿಗಿದ್ದ ವಿನಾಯಿತಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ವರ್ಷಕ್ಕೆ ಮುಂದುವರಿಸಿತು. ವರ್ಷದಿಂದ ವರ್ಷಕ್ಕೆ ವಿನಾಯಿತಿ ಕಾಯುವ ಮಗುವಿಗೆ ಎರಡು ಭಾಷೆಯಲ್ಲಿ ಯಾವುದೂ ನೆಮ್ಮದಿಯಿಂದ ಬರುವುದಿಲ್ಲ. ಮೊದಲು ತಾಯ್ನುಡಿ ಗಟ್ಟಿಯಾಗಿ, ಅದರ ಆಧಾರದ ಮೇಲೆ ತಮಿಳು ಬಂದರೆ ಎರಡೂ ಉಳಿಯುತ್ತವೆ. 1953ರ ವರದಿ ಹೇಳಿದ್ದೂ ಈ ಕ್ರಮವನ್ನೇ.

ಈ ವಾದವನ್ನು ಕರ್ನಾಟಕದವರು ಎತ್ತುವಾಗ ತಮ್ಮ ಕಡೆಗೂ ನೋಡಿಕೊಳ್ಳಬೇಕು. ತಾಳವಾಡಿಯ ದೊಡ್ಡಗಾಜನೂರು ರಾಜಕುಮಾರ್ ಅವರ ಊರು. 1982ರ ಗೋಕಾಕ್ ಚಳವಳಿಗೆ ಅವರು ಇಳಿದಾಗಲೇ ಅದು ಜನಸಾಗರವಾಯಿತು, ಕರ್ನಾಟಕದ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. ಆ ಚಳವಳಿಯ ಫಲ ಅವರ ಊರಿನ ಮಕ್ಕಳಿಗೆ ತಲುಪುವಂತಿರಲಿಲ್ಲ. ಅದೇ ಹಂಬಲದಿಂದ ಕರ್ನಾಟಕ 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಮಾಡಿದೆ, ಅದರ ರಚನೆ ತಮಿಳುನಾಡಿನದನ್ನೇ ಹೋಲುತ್ತದೆ. ಕೋಲಾರದ ಗಣಿಯೂರಿನ, ಬೆಂಗಳೂರಿನ ತಮಿಳು ಮಕ್ಕಳಿಗೆ ತಮಿಳಿನ ಮೇಷ್ಟರನ್ನು ಉಳಿಸಿಕೊಡುವ ರಾಜ್ಯ ಮಾತ್ರ ತಾಳವಾಡಿಗಾಗಿ ಗಟ್ಟಿ ದನಿಯಲ್ಲಿ ಕೇಳಬಲ್ಲದು. 350ಎ ವಿಧಿ ಎರಡು ಸರ್ಕಾರಗಳನ್ನೂ ಕಟ್ಟಿಹಾಕಿದೆ.

ಇದೇ ಮಲೆಯಲ್ಲಿ ಅಂತರರಾಷ್ಟ್ರೀಯ ಯತ್ನವೊಂದು ಗೆದ್ದೂ ಇದೆ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲಕ್ಕೆ, 2010ರಿಂದೀಚೆಗೆ ಹುಲಿಗಳ ಸಂಖ್ಯೆ ದುಪ್ಪಟ್ಟಾದುದಕ್ಕೆ 2022ರಲ್ಲಿ ಟಿಎಕ್ಸ್‌2 ಪ್ರಶಸ್ತಿ ಬಂತು. ಹುಲಿಯನ್ನು ಎಣಿಸಿದ ಹಾಗೆ ಹಾಡನ್ನು ಎಣಿಸಲಾಗದು, ಒಪ್ಪಬೇಕು. ಆದರೂ 2003ರ ಒಪ್ಪಂದದ ಹದಿನಾಲ್ಕನೆಯ ವಿಧಿ, ಪರಂಪರೆ ಬಾಳಲು ಬೇಕಾದ ನೈಸರ್ಗಿಕ ತಾಣ, ನೆನಪಿನ ತಾಣಗಳ ರಕ್ಷಣೆಗೂ ಶಿಕ್ಷಣ ಬೇಕೆಂದು ಹೇಳಿದೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೇ. ಸೋಲಿಗರ ಕಲ್ಲುಗುಡಿ, ಜೇನುಬಂಡೆ, ಹಳ್ಳ, ಗುಡ್ಡಗಳಿಗೆಲ್ಲ ಹೆಸರಿದೆ, ಆ ಹೆಸರುಗಳು ಅವರ ನುಡಿಯಲ್ಲಿವೆ. ಅವನ್ನು ಓದಿ ಬರೆಯಬಲ್ಲ ಒಂದನೆಯ ತರಗತಿಯ ಮಗು ತಾಳವಾಡಿಯ ಕಾಡಂಚಿನ ಶಾಲೆಯಲ್ಲಿ ಹತ್ತರಲ್ಲಿ ಒಂದಾಗಿ ಕೂತಿದೆ.