ಮನೆತನದ ಕೀರ್ತಿ, ಗಣರಾಜ್ಯದ ಚರಿತ್ರೆ: ರೋಮಿನ ಮೊದಲ ಇತಿಹಾಸಕಾರರು

ಸಂಪ್ರದಾಯದ ಪ್ರಕಾರ ರೋಮ್ ಗಣರಾಜ್ಯ ಸ್ಥಾಪನೆಯಾದದ್ದು ಕ್ರಿ.ಪೂ. 509ರಲ್ಲಿ. ರೋಮನ್ನನೊಬ್ಬ ತನ್ನ ನಗರದ ಇತಿಹಾಸ ಬರೆಯಲು ಕೂತದ್ದು ಅದಾಗಿ ಸುಮಾರು ಮುನ್ನೂರು ವರ್ಷಗಳ ಮೇಲೆ. ಹೀಗಾಗಿ ಆದಿ ಗಣರಾಜ್ಯದ ಬಗ್ಗೆ ನಮಗೆ ದೊರೆತಿರುವ ಚಿತ್ರದಲ್ಲಿ ಬರೆದವರ ಕಾಲದ ಅಗತ್ಯಗಳೂ ಬೆರೆತಿವೆ ಎಂಬುದು ಈ ಲೇಖನದ ವಾದ.

ಮೊದಲಿಗ ಕ್ವಿಂಟಸ್ ಫೇಬಿಯಸ್ ಪಿಕ್ಟರ್ ಸೆನೆಟ್ ಸದಸ್ಯ. ಕ್ರಿ.ಪೂ. 216ರಲ್ಲಿ ಕ್ಯಾನೆಯಲ್ಲಿ ಕಾರ್ತೇಜಿನ ಹ್ಯಾನಿಬಲ್‌ನಿಂದ ರೋಮ್ ಸೋತಾಗ ದೈವವಾಣಿ ಕೇಳಿಬರಲು ಡೆಲ್ಫಿಗೆ ಹೋದವನು ಇವನೇ. ಬರೆದದ್ದು ಗ್ರೀಕ್ ಭಾಷೆಯಲ್ಲಿ; ಗ್ರೀಕ್ ಬಲ್ಲ ಹೊರಗಿನವರಿಗೂ ರೋಮಿನ ಪಕ್ಷವನ್ನು ಮುಟ್ಟಿಸಲು ಅದರಿಂದ ಸಾಧ್ಯವಾಯಿತು. ರೋಮ್-ಕಾರ್ತೇಜ್ ಯುದ್ಧದ ಬಗ್ಗೆ ಬರೆಯುವಾಗ ಇತಿಹಾಸಕಾರ ಫಿಲಿನಸ್ ಕಾರ್ತೇಜಿನ ಪರ, ಫೇಬಿಯಸ್ ರೋಮಿನ ಪರ ವಾಲಿದ್ದಾರೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಇಬ್ಬರನ್ನೂ ಟೀಕಿಸಿದ. ಲ್ಯಾಟಿನ್‌ನಲ್ಲಿ 'ಒರಿಜಿನೆಸ್' ಬರೆದ ಕೇಟೊ ಬೇರೆ ದಾರಿ ಹಿಡಿದ. ಯುದ್ಧಗಳನ್ನು ವಿವರಿಸುವಾಗ ಅವನು ಸೇನಾಪತಿಗಳ ಹೆಸರನ್ನೇ ಕೈಬಿಟ್ಟ. ಆದರೆ ಕಾರ್ತೇಜ್ ಸೈನ್ಯದ ಸುರಸ್ ಎಂಬ ಆನೆಯ ಹೆಸರನ್ನು ದಾಖಲಿಸಿದ. ಕೀರ್ತಿ ಮನೆತನಗಳದ್ದಲ್ಲ, ಇಡೀ ರೋಮನ್ ಜನತೆಯದು ಎಂಬ ನಿಲುವು ಇದರಲ್ಲಿ ಕಾಣುತ್ತದೆ.

ಇವರಿಗೆ ಆಕರಗಳು ಇರಲಿಲ್ಲವೆಂದಲ್ಲ. ಪ್ರಧಾನ ಪುರೋಹಿತ ಬಿಳಿ ಬಳಿದ ಹಲಗೆಯ ಮೇಲೆ ವರ್ಷವರ್ಷದ ಘಟನೆಗಳನ್ನು ಬರೆಸುತ್ತಿದ್ದ. ಶ್ರೀಮಂತ ಮನೆತನಗಳಲ್ಲಿ ಶವಸಂಸ್ಕಾರದ ಭಾಷಣಗಳನ್ನು ಕಾದಿಡುತ್ತಿದ್ದರು. ನಡೆಯದ ವಿಜಯೋತ್ಸವಗಳೂ ಇಲ್ಲದ ಕಾನ್ಸಲ್ ಪದವಿಗಳೂ ಈ ಭಾಷಣಗಳ ಮೂಲಕ ಇತಿಹಾಸಕ್ಕೆ ನುಸುಳಿದವೆಂದು ವಾಗ್ಮಿ ಸಿಸೆರೊ ದೂರಿದ್ದಾನೆ. ಇತಿಹಾಸಕಾರ ಲಿವಿಯ ಆಕ್ಷೇಪವೂ ಇಂಥದೇ.

ಒಂದು ಉದಾಹರಣೆ ನೋಡೋಣ. ಕ್ರಿ.ಪೂ. 298ರ ಕಾನ್ಸಲ್ ಸಿಪಿಯೊ ಬಾರ್ಬಾಟಸ್‌ನ ಶಿಲಾ ಶವಪೆಟ್ಟಿಗೆ ಈಗ ವ್ಯಾಟಿಕನ್‌ನಲ್ಲಿದೆ. ಅವನು ದಕ್ಷಿಣದಲ್ಲಿ ಸ್ಯಾಮ್ನೈಟರ ನಾಡಿನ ಟೌರೇಸಿಯ, ಸಿಸೌನಗಳನ್ನು ಗೆದ್ದು, ಲುಕೇನಿಯವನ್ನೆಲ್ಲ ಅಧೀನಪಡಿಸಿಕೊಂಡನೆಂದು ಅದರ ಮೇಲಿನ ಶಾಸನ ಸಾರುತ್ತದೆ. ಲಿವಿಯ ಗ್ರಂಥದಲ್ಲಾದರೋ ಆ ವರ್ಷ ಸಿಪಿಯೊ ಕಾದಿದ್ದು ಉತ್ತರದ ಎಟ್ರೂರಿಯದಲ್ಲಿ; ಸ್ಯಾಮ್ನೈಟರನ್ನು ಗೆದ್ದವನು ಜೊತೆ ಕಾನ್ಸಲ್ ಫಲ್ವಿಯಸ್. ಶಾಸನವೂ ಮನೆತನದ ಹೊಗಳಿಕೆಯೇ ಆದ್ದರಿಂದ ಕಲ್ಲಿನ ಮೇಲಿದೆ ಎಂದ ಮಾತ್ರಕ್ಕೆ ಅದನ್ನು ಒಪ್ಪುವಂತಿಲ್ಲ.

ಕ್ರಿ.ಪೂ. ಮೊದಲ ಶತಮಾನದಲ್ಲಿ ಈ ಪ್ರವೃತ್ತಿ ಇನ್ನೂ ಬಲಿಯಿತು. ಇತಿಹಾಸಕಾರ ವಲೇರಿಯಸ್ ಆಂಟಿಯಸ್ ಯುದ್ಧದಲ್ಲಿ ಸತ್ತವರ ಲೆಕ್ಕವನ್ನು ಉಬ್ಬಿಸಿ ಬರೆಯುತ್ತಾನೆಂದು ಲಿವಿಯೇ ಹೇಳುತ್ತಾನೆ. ಕ್ರಿ.ಪೂ. 73ರಲ್ಲಿ ಟ್ರಿಬ್ಯೂನ್ ಆಗಿದ್ದ ಲಿಸಿನಿಯಸ್ ಮೇಕರ್ ತನ್ನ ಇತಿಹಾಸದಲ್ಲಿ ಸ್ವಂತ ಕುಲವನ್ನು ಹೊಗಳುವುದರಿಂದ ಅವನ ಮಾತಿಗೆ ತೂಕ ಕಡಿಮೆ ಎಂಬುದೂ ಲಿವಿಯದೇ ತೀರ್ಪು.

ಆದರೂ ಈ ಬರಹಗಳನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕಾನ್ಸಲ್‌ಗಳ ಪಟ್ಟಿ, ಕಾನೂನು, ಒಪ್ಪಂದಗಳನ್ನು ಬಹುಮಟ್ಟಿಗೆ ನಂಬಬಹುದು. ಭಾಷಣ, ರಣರಂಗದ ವರ್ಣನೆ, ಸತ್ತವರ ಸಂಖ್ಯೆಗಳನ್ನು ಸುಲಭವಾಗಿ ನಂಬಲಾಗದು. ಆದಿ ಗಣರಾಜ್ಯದ ಯಾವುದೇ ಪ್ರಸಂಗವನ್ನು ಸ್ವೀಕರಿಸುವ ಮುನ್ನ ಅದರಿಂದ ಯಾವ ಮನೆತನಕ್ಕೆ, ಯಾವ ಪಕ್ಷಕ್ಕೆ ಹಿರಿಮೆ ಬಂತು ಎಂದು ಕೇಳುವುದು ಸಂಶೋಧಕನ ಮೊದಲ ಕರ್ತವ್ಯ.