ಮಧುಮೇಹ ಮತ್ತು ಹೃದಯದ ಲಯ: ಆಲ್ಕೊಳದ ಚಿಕಿತ್ಸಾಲಯಕ್ಕೂ ಎಟುಕುವ ತಪಾಸಣೆ

ಸಕ್ಕರೆ ಕಾಯಿಲೆಯವರ ಪಾದ ಜುಮುಗುಟ್ಟಿದರೆ ನರಕ್ಕೆ ಪೆಟ್ಟಾಗಿದೆಯೆಂದು ಬೇಗ ಗೊತ್ತಾಗುತ್ತದೆ. ಹೃದಯದ ಬಡಿತವನ್ನು ಹತೋಟಿಯಲ್ಲಿಡುವ ನರಗಳಿಗೆ ಪೆಟ್ಟು ಬಿದ್ದಾಗ ಮೊದಮೊದಲು ಯಾವ ಸೂಚನೆಯೂ ಇರುವುದಿಲ್ಲ. ಶಿವಮೊಗ್ಗದ ಆಲ್ಕೊಳದಂಥ ಬಡಾವಣೆಯ ಸಣ್ಣ ಚಿಕಿತ್ಸಾಲಯದಲ್ಲೂ ಇದನ್ನು ಪತ್ತೆಹಚ್ಚಬಹುದು, ಹಚ್ಚಬೇಕು ಎಂಬುದು ಈ ಲೇಖನದ ವಾದ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಜನರನ್ನು ದೊಡ್ಡ ಆಸ್ಪತ್ರೆಗಳೇ ನೋಡಿಕೊಳ್ಳಲಿ ಎನ್ನುವಂತಿಲ್ಲ.

ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಿದ್ದರೆ ನರಕೋಶದೊಳಗೆ ಸಾರ್ಬಿಟಾಲ್ ಶೇಖರವಾಗುತ್ತದೆ, ಪ್ರೋಟೀನುಗಳಿಗೆ ಸಕ್ಕರೆ ಅಂಟಿಕೊಳ್ಳುತ್ತದೆ, ನರಕ್ಕೆ ರಕ್ತವುಣಿಸುವ ಕಿರುನಾಳಗಳು ಸೊರಗುತ್ತವೆ. ಉದ್ದನೆಯ ನರಗಳು ಮೊದಲು ಸೋಲುತ್ತವೆ. ಮಿದುಳಿನಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಅಂಥದ್ದು. ಬಡಿತವನ್ನು ನಿಧಾನಗೊಳಿಸುವ ಕೆಲಸ ಅದರದು. ಅದು ದುರ್ಬಲವಾದಾಗ ವೇಗ ಹೆಚ್ಚಿಸುವ ಅನುವೇದನಾ ನರಗಳದೇ ಮೇಲುಗೈ. ವಿಶ್ರಾಂತಿಯಲ್ಲೂ ನಾಡಿ ನಿಮಿಷಕ್ಕೆ 100 ದಾಟಬಹುದು, ಇಸಿಜಿಯಲ್ಲಿ ಕ್ಯೂಟಿ ಅವಧಿ ಹಿಗ್ಗಬಹುದು, ಲಯ ತಪ್ಪುವ ಅಪಾಯ ಏರುತ್ತದೆ. ಮುಂದೆ ಅನುವೇದನಾ ನರಗಳೂ ಸೋತಾಗ ಎದ್ದು ನಿಂತೊಡನೆ ಬಿಪಿ ಕುಸಿಯುತ್ತದೆ.

ಭದ್ರಾವತಿಯ ವಿಐಎಸ್‌ಎಲ್, ಎಂಪಿಎಂ ಎಂಬ ಉಕ್ಕು, ಕಾಗದದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರಿರುವ ಮನೆಗಳಲ್ಲಿ ಈ ಎಚ್ಚರಿಕೆಗೆ ವಿಶೇಷ ತೂಕವಿದೆ. ನಮ್ಮಲ್ಲಿ ತಲೆಸುತ್ತು ಬಂದರೆ ಪಿತ್ತ, ಎದೆ ಬಿಗಿದರೆ ಗ್ಯಾಸ್ಟ್ರಿಕ್ ಎನ್ನುವುದು ರೂಢಿ. ನರ ಸತ್ತವರಲ್ಲಿ ಹೃದಯಾಘಾತವೂ ನೋವಿಲ್ಲದೆ ಬರಬಹುದು. ಬರಿಯ ಸುಸ್ತು, ಬೆವರು, ಉಬ್ಬಸ ಕಂಡರೂ ಇಸಿಜಿ ತೆಗೆಸಲೇಬೇಕು.

ಪರೀಕ್ಷೆ ಸರಳ. ಎಡಿನ್‌ಬರೋದಲ್ಲಿ ಯೂಯಿಂಗ್ ಮತ್ತು ಕ್ಲಾರ್ಕ್ ರೂಪಿಸಿದ ಐದು ಪರೀಕ್ಷೆಗಳಲ್ಲಿ ಎರಡು ಸಾಕಷ್ಟು ಹೇಳುತ್ತವೆ. ಇಸಿಜಿ ಓಡುತ್ತಿರುವಾಗ ರೋಗಿ ನಿಮಿಷಕ್ಕೆ 6ರಂತೆ ದೀರ್ಘವಾಗಿ ಉಸಿರಾಡಬೇಕು. ಉಸಿರು ಎಳೆದಾಗಿನ ಗರಿಷ್ಠ ಮತ್ತು ಬಿಟ್ಟಾಗಿನ ಕನಿಷ್ಠ ಬಡಿತದ ವ್ಯತ್ಯಾಸ 15 ಅಥವಾ ಹೆಚ್ಚಿದ್ದರೆ ಸಹಜ, 10 ಅಥವಾ ಕಡಿಮೆಯಿದ್ದರೆ ದೋಷ. ವಯಸ್ಸಾದಂತೆ ಈ ಅಂತರ ತಾನಾಗಿಯೇ ತಗ್ಗುವುದರಿಂದ ಹಿರಿಯರಲ್ಲಿ ವಯಸ್ಸಿಗೆ ತಕ್ಕ ಮಾನದಂಡ ಬೇಕು. ಬೀಟಾ ಬ್ಲಾಕರ್ ಮಾತ್ರೆಯೂ ಫಲಿತಾಂಶ ಬದಲಿಸುತ್ತದೆ. ಎರಡನೆಯದು ಮಲಗಿದ್ದಾಗ ಮತ್ತು ನಿಂತ ಮೇಲೆ ಬಿಪಿ ಅಳೆಯುವುದು. ಮೇಲಿನ ಬಿಪಿ 20 ಮಿಮೀ ಅಥವಾ ಹೆಚ್ಚು ಇಳಿದರೆ ಗಂಭೀರ; ಆಗ ಬಿಪಿ, ಪ್ರಾಸ್ಟೇಟ್ ಮಾತ್ರೆಗಳನ್ನೂ ಮರುಪರಿಶೀಲಿಸಬೇಕು.

ಸಕ್ಕರೆಯನ್ನು ತಟ್ಟನೆ ನೆಲಕ್ಕಿಳಿಸುವುದು ಪರಿಹಾರವಲ್ಲ. ತೀವ್ರ ನಿಯಂತ್ರಣದ ಗುಂಪಿನಲ್ಲಿ ಸಾವು ಹೆಚ್ಚಿದ್ದರಿಂದ ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಪ್ರಯೋಗದ ಆ ಭಾಗವನ್ನು 2008ರಲ್ಲಿ ನಿಲ್ಲಿಸಬೇಕಾಯಿತು. ಹೃದಯದ ನರ ಹಾನಿಗೊಂಡವರ ಸಾವಿನ ಪ್ರಮಾಣ ತೀವ್ರ ಮತ್ತು ಸಾಮಾನ್ಯ ನಿಯಂತ್ರಣದ ಎರಡೂ ಗುಂಪುಗಳಲ್ಲಿ ಏರಿತ್ತು. ಸಕ್ಕರೆ ತೀರ ಕುಸಿದರೂ ಲಯ ಕೆಡುತ್ತದೆ, ಕುಸಿತದ ಎಚ್ಚರಿಕೆಯಾದ ಎದೆಬಡಿತವೇ ಈ ರೋಗಿಗಳಿಗೆ ಗೊತ್ತಾಗದೆ ಹೋಗಬಹುದು. ಡೆನ್ಮಾರ್ಕಿನ ಸ್ಟೆನೊ-2 ಅಧ್ಯಯನದಲ್ಲಿ ಸಕ್ಕರೆ, ಬಿಪಿ, ಕೊಬ್ಬು, ಜೀವನಕ್ರಮಗಳನ್ನು ಒಟ್ಟಿಗೆ ತಿದ್ದಿದಾಗ ಈ ನರಹಾನಿಯ ಮುನ್ನಡೆ ತಗ್ಗಿತು.

ಎರಡನೇ ವಿಧದ ಮಧುಮೇಹದಲ್ಲಿ ರೋಗ ಗೊತ್ತಾದಾಗಲೇ, ಮೊದಲ ವಿಧದಲ್ಲಿ 5 ವರ್ಷ ಕಳೆದ ಮೇಲೆ ಈ ತಪಾಸಣೆ ಶುರುವಾಗಬೇಕು. ಶಿವಮೊಗ್ಗ, ಭದ್ರಾವತಿಗಳ ವೈದ್ಯರು ಪಾದ, ಕಣ್ಣು, ಮೂತ್ರದ ವಾರ್ಷಿಕ ಪರೀಕ್ಷೆಯ ಜೊತೆಗೆ ನಿಂತಾಗಿನ ಬಿಪಿಯನ್ನೂ ಉಸಿರಾಟದ ಇಸಿಜಿಯನ್ನೂ ರೋಗಿಯ ಚೀಟಿಯಲ್ಲಿ ದಾಖಲಿಸಲಿ.